ಸಬ್‌ಮರೀನ್ ಕಟ್ಟುತ್ತಿದ್ದ ರಾಟರ್‌ಡ್ಯಾಮ್‌ನ ಆರ್‌ಡಿಎಂ ಯಾಕೆ ಉಳಿಯಲಿಲ್ಲ?

ಮಾಸ್‌ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನೆದರ್‌ಲ್ಯಾಂಡ್ಸ್ ತನ್ನ ನೌಕಾಪಡೆಗೆ ನಾಲ್ಕು ಹೊಸ ಸಬ್‌ಮರೀನ್ ಬೇಕು ಅಂತ 2024ರಲ್ಲಿ ಫ್ರಾನ್ಸ್‌ನ ನೇವಲ್ ಗ್ರೂಪ್ ಜೊತೆ ಒಪ್ಪಂದ ಮಾಡಿಕೊಂಡಿತು. "ಹಡಗು ಕಟ್ಟೋದರಲ್ಲಿ ಹೆಸರು ಮಾಡಿದ ದೇಶ ಹೊರಗಿನಿಂದ ಯಾಕೆ ತರಿಸಬೇಕು?" ಅಂತ ಇಲ್ಲೇ ಒಬ್ಬರು ಕೇಳಿದ್ದರು. ಅದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರೆ ಅನ್ಯಾಯವಾಗುತ್ತದೆ. ಅದರ ಹಿಂದೆ ರಾಟರ್‌ಡ್ಯಾಮ್‌ನ ಒಂದು ಕಂಪನಿಯ ನೂರು ವರ್ಷದ ಕಥೆ ಇದೆ. ಅದಕ್ಕೇ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ.

ಕಂಪನಿಯ ಹೆಸರು ರಾಟರ್‌ಡ್ಯಾಮ್ಸ್ಖೆ ಡ್ರೋಗ್‌ಡಾಕ್ ಮಾಟ್ಸ್ಖಪೈ. ಊರಿನವರು ಆರ್‌ಡಿಎಂ ಅಂತಾರೆ, ನಾವೂ ಹಾಗೇ ಕರೆಯೋಣ. ಶುರುವಾಗಿದ್ದು 1902ರಲ್ಲಿ, ಮಾಸ್ ನದಿಯ ದಕ್ಷಿಣ ದಂಡೆಯ ಹೈಪ್ಲಾಟ್ ಎಂಬಲ್ಲಿ. ಮೊದಮೊದಲು ರಿಪೇರಿಯೇ ದೊಡ್ಡ ಕೆಲಸ. ಆಮೇಲೆ ಹೊಸ ಹಡಗುಗಳೂ ಬಂದವು.

ಯಾರ್ಡ್ ಊರಿನಿಂದ ದೂರ. ಕೆಲಸಗಾರರು ದಿನಾ ಬಂದು ಹೋಗೋದು ಕಷ್ಟ. ಹಾಗಾಗಿ 1914ರಿಂದ ಕಂಪನಿಯೇ ಯಾರ್ಡಿನ ಪಕ್ಕದಲ್ಲಿ ಒಂದು ಊರು ಕಟ್ಟಿಸಿತು. ವಾಸ್ತುಶಿಲ್ಪಿ ಬಾಂಡರ್ಸ್. ಚಿಕ್ಕ ಚಿಕ್ಕ ಇಟ್ಟಿಗೆ ಮನೆ, ಪ್ರತಿ ಮನೆಗೂ ತೋಟ, ನಡುವೆ ಶಾಲೆ, ಚರ್ಚು, ಅಂಗಡಿ. ಇವತ್ತಿಗೂ ಆ ಊರಿದೆ. ಒಂದು ಕಡೆ ವಾಲ್‌ಹಾವನ್, ಇನ್ನೊಂದು ಕಡೆ ಏಮ್‌ಹಾವನ್, ಎರಡೂ ಬಂದರಿನ ಕೊಲ್ಲಿಗಳು. ಕಂಟೈನರ್‌ಗಳ ರಾಶಿ ನಡುವೆ ಹೂದೋಟ ಇರುವ ಬೀದಿಗಳು. ನಾನು ವಾರದ ಕೊನೆಗೆ ಆ ಕಡೆ ಸೈಕಲ್ ಹೊಡೆಯುತ್ತಿರುತ್ತೇನೆ. ಈಗಲೂ ಅಲ್ಲಿ ಮಾತಿಗೆ ಸಿಗುವ ವಯಸ್ಸಾದವರು ಆರ್‌ಡಿಎಂ ಅಂದರೆ ನಮ್ಮದು ಅನ್ನುವ ಹಾಗೇ ಮಾತಾಡುತ್ತಾರೆ.

ಮುಂದಿನದ್ದನ್ನು ಸ್ವಲ್ಪ ಸ್ವಲ್ಪವಾಗಿ ಬರೆಯುತ್ತೇನೆ. ಗೊತ್ತಿರುವವರು ಸೇರಿಸಿ.

ಹೊಸಬ_ತುಮಕೂರು

ಸರ್, ಬಹಳ ಚೆನ್ನಾಗಿದೆ. ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ. ಆರ್‌ಡಿಎಂ ಕಟ್ಟಿದ ಹಡಗುಗಳಲ್ಲಿ ಜಗತ್ತಿಗೆ ಗೊತ್ತಿರುವಂಥದ್ದು ಯಾವುದು?

ಮಾಸ್‌ದಂಡೆ

ಪ್ರಯಾಣಿಕರ ಹಡಗುಗಳಲ್ಲಿ ಎರಡು. ನ್ಯೂ ಆಮ್‌ಸ್ಟರ್‌ಡ್ಯಾಮ್ ಮತ್ತು ರಾಟರ್‌ಡ್ಯಾಮ್. ಎರಡೂ ಹಾಲೆಂಡ್ ಅಮೆರಿಕ ಲೈನ್ ಎಂಬ ಹಡಗು ಕಂಪನಿಗೆ ಕಟ್ಟಿದ್ದು.

ಮೊದಲನೆಯದರ ಕಾಲ ನೆನಪಿಸಿಕೊಳ್ಳಿ. 1930ರ ದಶಕ, ಜಗತ್ತಿನಲ್ಲೆಲ್ಲ ಕೆಲಸ ಇಲ್ಲ, ರಾಟರ್‌ಡ್ಯಾಮ್‌ನಲ್ಲಿ ಯಾರ್ಡುಗಳು ಖಾಲಿ. ಸರ್ಕಾರ ಸಾಲ ಕೊಟ್ಟು ಈ ಹಡಗಿನ ಕೆಲಸ ಶುರು ಮಾಡಿಸಿತು. 36,000 ಟನ್ನಿನ ಹಡಗು. 1937ರ ಏಪ್ರಿಲ್‌ನಲ್ಲಿ ರಾಣಿ ವಿಲ್ಹೆಲ್ಮಿನಾ ಬಂದು ನೀರಿಗಿಳಿಸಿದರು. 1938ರ ಮೇ ತಿಂಗಳಲ್ಲಿ ಮೊದಲ ಪ್ರಯಾಣ. ಕೆಲಸವಿಲ್ಲದೆ ಕೂತಿದ್ದ ಊರಿಗೆ ಇದು ಬರೀ ಹಡಗಾಗಿರಲಿಲ್ಲ, ಸಾವಿರಾರು ಮನೆಗಳ ಒಲೆ ಉರಿದದ್ದೇ ಅದರಿಂದ.

1940ರ ಮೇನಲ್ಲಿ ಜರ್ಮನಿ ದಾಳಿ ಮಾಡಿದಾಗ ಹಡಗು ಅಟ್ಲಾಂಟಿಕ್‌ನ ಆ ಕಡೆ ಇತ್ತು, ಉಳಿಯಿತು. ಯುದ್ಧ ಮುಗಿಯುವ ತನಕ ಸೈನಿಕರನ್ನು ಸಾಗಿಸಿತು. 1946ರ ಏಪ್ರಿಲ್‌ನಲ್ಲಿ ರಾಟರ್‌ಡ್ಯಾಮ್‌ಗೆ ವಾಪಸ್ ಬಂತು. ಅಷ್ಟೊತ್ತಿಗೆ ಅದನ್ನು ಕಟ್ಟಿದ ಊರಿನ ನಡುಭಾಗವೇ ಇರಲಿಲ್ಲ. 1940ರ ಮೇ 14ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿತ್ತು.

ಹಳೇಪುಟ

ಯುದ್ಧದ ವಿಷಯ ಬಂತಲ್ಲ, ನಾನೂ ಸ್ವಲ್ಪ ಸೇರಿಸುತ್ತೇನೆ. ನನಗೆ ತುಂಬಾ ಇಷ್ಟವಾದ ಭಾಗ ಇದು.

1930ರ ದಶಕದಲ್ಲಿ ಪೋಲೆಂಡ್ ಎರಡು ಸಬ್‌ಮರೀನ್‌ಗಳನ್ನು ಡಚ್ಚರಿಂದ ಕಟ್ಟಿಸಿಕೊಂಡಿತು. ಒಂದು ಓಝೆಲ್, ಅದು ಫ್ಲಿಸ್ಸಿಂಗೆನ್‌ನ ಡೆ ಸ್ಖೆಲ್ಡೆ ಯಾರ್ಡಿನಲ್ಲಿ. ಅದಕ್ಕೆ ಪೋಲೆಂಡಿನ ಜನಸಾಮಾನ್ಯರೂ ಚಂದಾ ಎತ್ತಿ ಹಣ ಕೊಟ್ಟಿದ್ದರು. ಇನ್ನೊಂದು ಸೆಂಪ್, ಅದು ಆರ್‌ಡಿಎಂನಲ್ಲಿ. 1939ರ ಏಪ್ರಿಲ್‌ನಲ್ಲಿ ಸೆಂಪ್ ಪರೀಕ್ಷೆಗೆಂದು ನಾರ್ವೆ ಕಡೆ ಹೋಗಿತ್ತು. ಯುದ್ಧ ಬಾಗಿಲಿಗೆ ಬಂದಿತ್ತು. ಪೋಲಿಷ್ ಸಿಬ್ಬಂದಿ ಕೆಲಸ ಮುಗಿಯುವ ತನಕ ಕಾಯಲಿಲ್ಲ. ಅಲ್ಲಿಂದಲೇ ನೇರ ಪೋಲೆಂಡಿನ ಗ್ಡಿನಿಯಾ ಬಂದರಿಗೆ ತೆಗೆದುಕೊಂಡು ಹೋಗಿಬಿಟ್ಟರು. ಒಳಗೆ ಡಚ್ ಯಾರ್ಡಿನ ಕೆಲಸಗಾರರೂ ಇದ್ದರು! ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹಡಗು ಹತ್ತಿದವರಿಗೆ ಏನನ್ನಿಸಿರಬೇಡ, ಅಲ್ವಾ?

ಮರು ವರ್ಷ ಅದೇ ಪರಿಸ್ಥಿತಿ ಡಚ್ಚರಿಗೇ ಬಂತು. 1940ರ ಮೇನಲ್ಲಿ ಓ 23 ಮತ್ತು ಓ 24 ಎಂಬ ಸಬ್‌ಮರೀನ್‌ಗಳು ಆರ್‌ಡಿಎಂನಲ್ಲಿ ಪೂರ್ತಿ ಆಗಿರಲಿಲ್ಲ. ಜರ್ಮನ್ನರು ಊರೊಳಗೆ ಬರುತ್ತಿರುವಾಗಲೇ ಎರಡೂ ನದಿ ಇಳಿದು ಸಮುದ್ರ ಸೇರಿ ಇಂಗ್ಲೆಂಡಿಗೆ ತಪ್ಪಿಸಿಕೊಂಡವು. ಓ 26, ಓ 27ಕ್ಕೆ ಆ ಅದೃಷ್ಟ ಇರಲಿಲ್ಲ. ಜರ್ಮನ್ನರ ಕೈಗೆ ಸಿಕ್ಕು, ಅವರ ನೌಕಾಪಡೆಯಲ್ಲಿ ಯುಡಿ 4, ಯುಡಿ 5 ಆದವು.

ಕೊನೆಗೆ 1944ರಲ್ಲಿ ಜರ್ಮನ್ನರು ಬಂದರಿನ ಕ್ರೇನು, ಡಾಕುಗಳನ್ನು ಸಿಡಿಸಿ ಹಾಳು ಮಾಡಿದರು. ಅದೇ ನವೆಂಬರ್ 10 ಮತ್ತು 11ರಂದು ರಾಟರ್‌ಡ್ಯಾಮ್, ಸ್ಖೀಡಾಮ್ ಊರುಗಳ ಮನೆಮನೆ ಹುಡುಕಿ ಸುಮಾರು 50,000 ಗಂಡಸರನ್ನು ದುಡಿಮೆಗೆ ಎಳೆದುಕೊಂಡು ಹೋದರು. ಯುದ್ಧ ಮುಗಿದಾಗ ಯಾರ್ಡಿಗೆ ಡಾಕೂ ಇಲ್ಲ, ಕ್ರೇನೂ ಇಲ್ಲ, ಕೈಗಳೂ ಕಡಿಮೆ. ಅಲ್ಲಿಂದ ಎದ್ದು 12 ವರ್ಷದೊಳಗೆ ಇನ್ನೊಂದು ದೊಡ್ಡ ಹಡಗಿಗೆ ಕೈ ಹಾಕಿದರು ಅನ್ನೋದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಬೆಸುಗೆಗಾರ_ಮಲ್ಪೆ

ಅಕ್ಕ, ಕೈಗಳು ಕಡಿಮೆ ಅಂದಿರಲ್ಲ, ಅದು ಎಷ್ಟು ದೊಡ್ಡ ಮಾತು ಅಂತ ಯಾರ್ಡಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು.

ಯುದ್ಧಕ್ಕೆ ಮುಂಚಿನ ಹಡಗೆಲ್ಲ ಹೆಚ್ಚಾಗಿ ರಿವೆಟ್, ಅಂದರೆ ತಗಡು ಜೋಡಿಸುವ ದಪ್ಪ ಲೋಹದ ಮೊಳೆ, ಹೊಡೆದು ಕಟ್ಟಿದ್ದು. ಒಂದು ರಿವೆಟ್‌ಗೆ ಒಂದು ಗುಂಪು. ಒಬ್ಬ ಹುಡುಗ ಒಲೆಯಲ್ಲಿ ಅದನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ಎಸೆಯುತ್ತಾನೆ. ಇನ್ನೊಬ್ಬ ಅದನ್ನು ಹಿಡಿದು ತೂತಿಗೆ ತೂರಿಸುತ್ತಾನೆ. ಒಳಗಿನಿಂದ ಒಬ್ಬ ಭಾರದ ಕಬ್ಬಿಣ ಒತ್ತಿ ಹಿಡಿಯುತ್ತಾನೆ. ಹೊರಗಿನವನು ಸುತ್ತಿಗೆಯಲ್ಲಿ ಹೊಡೆದು ತಲೆ ಮಾಡುತ್ತಾನೆ. ಆರಿದ ಮೇಲೆ ಅದು ಕುಗ್ಗಿ ಎರಡು ತಗಡನ್ನೂ ಬಿಗಿಯಾಗಿ ಹಿಡಿಯುತ್ತದೆ. ಕಾವು ಕಡಿಮೆ ಇದ್ದರೆ ಸಡಿಲ, ಜಾಸ್ತಿ ಇದ್ದರೆ ಲೋಹ ಸುಟ್ಟು ಹಾಳು. ದೊಡ್ಡ ಹಡಗಿಗೆ ಇಂಥವು ಲಕ್ಷಗಟ್ಟಲೆ ಬೇಕು. ಆ ಸದ್ದಿಗೆ ಕಿವಿ ಕಳೆದುಕೊಂಡವರು ಎಲ್ಲಾ ದೇಶದ ಯಾರ್ಡುಗಳಲ್ಲೂ ಇದ್ದರು.

ಯುದ್ಧದ ನಂತರ ವೆಲ್ಡಿಂಗ್ ಬಂತು. ನೆಲದ ಮೇಲೇ ದೊಡ್ಡ ದೊಡ್ಡ ತುಂಡುಗಳನ್ನು ಬೆಸೆದು, ಕ್ರೇನಿನಲ್ಲಿ ಎತ್ತಿ ಜೋಡಿಸೋದು. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಸಬ್‌ಮರೀನ್‌ನ ಬೆಸುಗೆ ಬೇರೆಯೇ ಲೋಕ. ಮೀಟರ್‌ಗಟ್ಟಲೆ ಬೆಸುಗೆಯನ್ನು ಎಕ್ಸ್‌ರೇ ಹಾಕಿ ನೋಡುತ್ತಾರೆ. ಕೂದಲೆಳೆಯಷ್ಟು ಬಿರುಕು ಕಂಡರೂ ಕೆತ್ತಿ ಮತ್ತೆ ಮಾಡಬೇಕು. ಆ ಕೈ ತಯಾರಾಗಲು ವರ್ಷಗಳು ಹಿಡಿಯುತ್ತವೆ. ಕೆಲಸ ನಿಂತರೆ ಆ ವೆಲ್ಡರ್ ಹೊಟ್ಟೆಪಾಡಿಗೆ ಬೇರೆ ಕಡೆ ಹೋಗುತ್ತಾನೆ. ಮತ್ತೆ ಕರೆದಾಗ ಬರೋದಿಲ್ಲ.

ಹೊಸಬ_ತುಮಕೂರು

ಅಣ್ಣ, ಇದನ್ನು ನಮ್ಮ ಕಾಲೇಜಿನಲ್ಲಿ ಯಾರೂ ಹೀಗೆ ಹೇಳಿಲ್ಲ. ಥ್ಯಾಂಕ್ಸ್. ರಾಟರ್‌ಡ್ಯಾಮ್ ಹಡಗಿನ ಬಗ್ಗೆಯೂ ಹೇಳಿ ಸರ್.

ಮಾಸ್‌ದಂಡೆ

1958ರ ಸೆಪ್ಟೆಂಬರ್ 13ರಂದು ರಾಣಿ ಯೂಲಿಯಾನಾ ನೀರಿಗಿಳಿಸಿದರು. 228 ಮೀಟರ್ ಉದ್ದ, 38,645 ಟನ್. ಮೊದಲ ಪ್ರಯಾಣ 1959ರ ಸೆಪ್ಟೆಂಬರ್ 3.

ಈ ಹಡಗಿನಲ್ಲಿ ಎರಡು ವಿಷಯ ನೋಡಲೇಬೇಕು. ಒಂದು, ಹೊಗೆ ಕೊಳವೆ. ಆಗಿನ ಪ್ರಯಾಣಿಕರ ಹಡಗು ಅಂದರೆ ಮಧ್ಯದಲ್ಲಿ ದಪ್ಪನೆಯ ಚಿಮಣಿ ಇರಲೇಬೇಕು, ಅದೇ ಹಡಗಿನ ಗತ್ತು. ಆರ್‌ಡಿಎಂನವರು ಎಂಜಿನ್ನನ್ನು ಹಿಂದಕ್ಕೆ ಸರಿಸಿದರು. ಚಿಮಣಿಯ ಜಾಗದಲ್ಲಿ ಎರಡು ತೆಳ್ಳನೆಯ ಕೊಳವೆಗಳನ್ನು ಪಕ್ಕಪಕ್ಕ ನಿಲ್ಲಿಸಿದರು. ನೋಡಿದವರು ಇದೆಂಥ ಹಡಗು ಅಂತ ಮೂಗು ಮುರಿದರು. ಆದರೆ ಮಧ್ಯದ ಜಾಗ ಪೂರ್ತಿ ಪ್ರಯಾಣಿಕರಿಗೆ ಸಿಕ್ಕಿತು, ಮೇಲಿನ ಡೆಕ್ಕಿಗೆ ಹೊಗೆ ಮಸಿ ಬೀಳೋದು ಕಡಿಮೆಯಾಯಿತು. ಮುಂದೆ ಕ್ರೂಸ್ ಹಡಗುಗಳು ಇದೇ ದಾರಿ ಹಿಡಿದವು.

ಇನ್ನೊಂದು ಮೆಟ್ಟಿಲು. ಅಟ್ಲಾಂಟಿಕ್ ದಾಟುವಾಗ ಎರಡು ದರ್ಜೆ ಇರುತ್ತಿತ್ತು, ಒಬ್ಬರು ಇನ್ನೊಬ್ಬರ ಜಾಗಕ್ಕೆ ಹೋಗುವಂತಿಲ್ಲ. ಇಲ್ಲಿ ಒಂದೇ ಗೂಡಿನಲ್ಲಿ ಎರಡು ಮೆಟ್ಟಿಲು ಸಾಲುಗಳು ಒಂದನ್ನೊಂದು ಹೆಣೆದುಕೊಂಡು ಏರುತ್ತವೆ. ಸರಿಸುವ ಗೋಡೆ ಮುಚ್ಚಿದರೆ ಮೊದಲ ದರ್ಜೆಯವರು ಒಂದು ಡೆಕ್ಕಿಗೆ, ಟೂರಿಸ್ಟ್ ದರ್ಜೆಯವರು ಇನ್ನೊಂದಕ್ಕೆ. ಒಬ್ಬರ ಮುಖ ಒಬ್ಬರು ನೋಡದೆ ಪ್ರಯಾಣ ಮುಗಿಸಬಹುದು. ಕ್ರೂಸ್ ಕಾಲದಲ್ಲಿ ಅದೇ ಗೋಡೆ ಸರಿಸಿದರೆ ಇಡೀ ಹಡಗು ಎಲ್ಲರಿಗೂ ತೆರೆದುಕೊಳ್ಳುತ್ತದೆ. ಈ ಮೆಟ್ಟಿಲಿನ ಮೇಲೆ ನಿಂತು ನೋಡಿದರೆ ಡ್ರಾಯಿಂಗ್ ಮಾಡಿದವರ ತಲೆಗೆ ಕೈ ಮುಗಿಯಬೇಕು ಅನಿಸುತ್ತದೆ.

ಇಷ್ಟು ಮುಂದಾಲೋಚನೆ ಯಾಕೆ ಅಂದರೆ, 1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನ ಶುರುವಾಯಿತು. ಹಡಗು ನೀರಿಗಿಳಿದ ಮರುತಿಂಗಳೇ! ಅಮೆರಿಕಕ್ಕೆ ಹಡಗಿನಲ್ಲಿ ಹೋಗುವ ಕಾಲ ಮುಗಿಯುತ್ತಾ ಬಂತು. ಆದರೂ ಈ ಹಡಗು ಕ್ರೂಸ್ ಮಾಡಿಕೊಂಡು 2000ದ ತನಕ ಓಡಿತು.

ಲೆಕ್ಕಿಗ

ಹಡಗಿನ ಹೊಗಳಿಕೆ ಸರಿ ಮಾಸ್‌ದಂಡೆಯವರೇ. ಆದರೆ ಕಂಪನಿ ಮುಳುಗಿದ್ದು ಹಡಗಿನಿಂದಲ್ಲ, ದುಡ್ಡಿನಿಂದ. ಅದನ್ನೂ ಹೇಳಬೇಕಲ್ಲ.

1966ರಲ್ಲಿ ಆರ್‌ಡಿಎಂ ಮತ್ತು ಡೆ ಸ್ಖೆಲ್ಡೆ ಸೇರಿ ರೈನ್‌ಸ್ಖೆಲ್ಡೆ ಎಂಬ ಗುಂಪಾಯಿತು. ಆಮೇಲೆ ಸ್ಖೀಡಾಮ್‌ನ ವಿಲ್ಟನ್ ಫೈಯೆನೂರ್ಡ್ ಯಾರ್ಡ್ ಸೇರಿತು. 1971ರಲ್ಲಿ ವೆರೋಲ್ಮೆ ಎಂಬ ಹಡಗು ಕಟ್ಟುವ ಕಂಪನಿಯನ್ನೂ ಎಳೆದುಕೊಂಡು ರೈನ್‌ಸ್ಖೆಲ್ಡೆ ವೆರೋಲ್ಮೆ, ಅಂದರೆ ಆರ್‌ಎಸ್‌ವಿ ಆಯಿತು. ಹತ್ತಾರು ಸಾವಿರ ಜನ ದುಡಿಯುವ ಕಂಪನಿ. ಒಂದಾದರೆ ಜಪಾನಿನ ಎದುರು ನಿಲ್ಲಬಹುದು ಅಂತ ಸರ್ಕಾರದ ಲೆಕ್ಕ.

ವೆರೋಲ್ಮೆಯ ಕಥೆ ಪ್ರತ್ಯೇಕವಾಗಿ ಹೇಳುವಂಥದ್ದು. ಕಾರ್ನೆಲಿಸ್ ವೆರೋಲ್ಮೆ 1900ರಲ್ಲಿ ನ್ಯೂವೆ ಟೋಂಗೆ ಎಂಬ ಹಳ್ಳಿಯಲ್ಲಿ ಹುಟ್ಟಿದವರು. 1946ರಲ್ಲಿ ಸ್ವಂತ ಕಂಪನಿ. ಆಲ್‌ಬ್ಲಾಸ್ಸರ್‌ಡ್ಯಾಮ್, ಹ್ಯೂಸ್ಡೆನ್, ರೋಝೆನ್‌ಬರ್ಗ್, ಐರ್ಲೆಂಡಿನ ಕಾರ್ಕ್, ಬ್ರೆಜಿಲ್‌ನ ಜಕುಅಕಾಂಗ, ಎಲ್ಲಾ ಕಡೆ ಯಾರ್ಡು. ಕಡಲಿನಲ್ಲಿ ನಿಂತು ಟಿವಿ ಪ್ರಸಾರ ಮಾಡುವ ಒಂದು ಕಟ್ಟೆಗೂ 1964ರಲ್ಲಿ ದುಡ್ಡು ಹಾಕಿದ್ದರು! ಸರ್ಕಾರ ಅದನ್ನು ಅದೇ ವರ್ಷ ಮುಚ್ಚಿಸಿತು. ಇಷ್ಟು ಬೇಗ ಬೆಳೆದದ್ದು ಸಾಲದ ಮೇಲೆ. 1968ರಲ್ಲಿ ದೊಡ್ಡ ಡಾಕ್ ಕಟ್ಟಲು ಸರ್ಕಾರದ ಜಾಮೀನು ಬೇಕಾಯಿತು. ಅದರ ಬದಲಿಗೆ ಸೋಲುತ್ತಿದ್ದ ಆಮ್‌ಸ್ಟರ್‌ಡ್ಯಾಮ್‌ನ ಎನ್‌ಡಿಎಸ್‌ಎಂ ಯಾರ್ಡನ್ನು ಹೊರಬೇಕಾಯಿತು. ಅಂದರೆ ಆರ್‌ಡಿಎಂ ಯಾರ ಜೊತೆ ಸೇರಿತೋ ಅವರ ಬೆನ್ನ ಮೇಲೆ ಆಗಲೇ ಇನ್ನೊಬ್ಬರ ಹೊರೆ ಇತ್ತು.

1967ರಿಂದ ಸೂಯೆಜ್ ಕಾಲುವೆ ಮುಚ್ಚಿತ್ತು, ಎಣ್ಣೆ ಆಫ್ರಿಕಾ ಸುತ್ತಿ ಬರಬೇಕಿತ್ತು, ದೈತ್ಯ ಟ್ಯಾಂಕರ್‌ಗಳಿಗೆ ಬೇಡಿಕೆ ಇತ್ತು. ಆ ನಂಬಿಕೆಯ ಮೇಲೆ ಡಾಕ್‌ಗಳಿಗೆ ದುಡ್ಡು ಸುರಿದರು. 1973ರಲ್ಲಿ ಎಣ್ಣೆ ಬಿಕ್ಕಟ್ಟು. 1975ರಲ್ಲಿ ಸೂಯೆಜ್ ಮತ್ತೆ ತೆರೆಯಿತು. ಟ್ಯಾಂಕರ್ ಆರ್ಡರ್ ನಿಂತೇ ಹೋಯಿತು. ಯಾರ್ಡುಗಳನ್ನು ತುಂಬಿಸಲು ಗೊತ್ತಿಲ್ಲದ ಕೆಲಸಕ್ಕೆಲ್ಲ ಕೈ ಹಾಕಿದರು. ಅಮೆರಿಕದ ಕಲ್ಲಿದ್ದಲು ಗಣಿಗಳಿಗೆ ದೈತ್ಯ ಅಗೆಯುವ ಯಂತ್ರ ಮಾಡಲು ಹೋಗಿ ಕೋಟಿಗಟ್ಟಲೆ ಕಳೆದುಕೊಂಡರು. ಸರ್ಕಾರ 200 ಕೋಟಿ ಗಿಲ್ಡರ್‌ಗೂ (ಆಗಿನ ಡಚ್ ದುಡ್ಡು) ಜಾಸ್ತಿ ಸುರಿಯಿತು. 1983ರ ಫೆಬ್ರವರಿಯಲ್ಲಿ ಆರ್‌ಎಸ್‌ವಿ ಕೈ ಚೆಲ್ಲಿತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆ ದುಡ್ಡು ತೆರಿಗೆ ಕಟ್ಟುವವರದು. ಮೊದಲೇ ನಿಲ್ಲಿಸಬೇಕಿತ್ತು. ಕೈಕಸುಬು ದೊಡ್ಡದು ಅಂತ ನಷ್ಟದ ಕಂಪನಿಯನ್ನು ಸಾಕುತ್ತಾ ಕೂರಲು ಆಗೋದಿಲ್ಲ.

ಹಳೇಪುಟ

ಲೆಕ್ಕಿಗ ಸರ್, ನಿಲ್ಲಿಸಬೇಕಿತ್ತು ಅನ್ನೋದು ಸುಲಭ. ಯಾವುದನ್ನು ನಿಲ್ಲಿಸಬೇಕಿತ್ತು ಅನ್ನೋದೇ ಪ್ರಶ್ನೆ. ಡಚ್ ಸಂಸತ್ತೇ ಆಮೇಲೆ ಅದನ್ನು ಕೆದಕಿತು. ಸುಮಾರು ಮೂರು ದಶಕಗಳ ನಂತರ ನಡೆದ ಮೊದಲ ಸಂಸದೀಯ ವಿಚಾರಣೆ ಅದು. ಕೇಸ್ ಫಾನ್ ಡೈಕ್ ಅಧ್ಯಕ್ಷರು. 1984ರಲ್ಲಿ ಮಂತ್ರಿಗಳು, ಕಂಪನಿಯ ದೊಡ್ಡವರು, ಅಧಿಕಾರಿಗಳು ಪ್ರಮಾಣ ಮಾಡಿ ಉತ್ತರ ಕೊಡೋದನ್ನು ಜನ ಟಿವಿಯಲ್ಲಿ ನೋಡಿದರು. ಆರ್ಥಿಕ ವ್ಯವಹಾರಗಳ ಮಂತ್ರಿಯಾಗಿದ್ದ ಫಾನ್ ಆರ್ಡೆನ್ನೆ ಮೇಲೆ ಕಟುವಾದ ಟೀಕೆ ಬಂತು. ಅವರು ಹೊಣೆ ಹೊತ್ತಿದ್ದ ಖಾತೆ ಕೈಗಾರಿಕೆ, ವ್ಯಾಪಾರಕ್ಕೆ ಸಂಬಂಧಿಸಿದ್ದು.

ಆ ವಿಚಾರಣೆಯ ಕಾಲದಲ್ಲಿ ಎದ್ದು ಕಂಡದ್ದು ರಿವೆಟ್ ಹೊಡೆದವನ, ಬೆಸುಗೆ ಮಾಡಿದವನ ದೋಷ ಅಲ್ಲ. ಎಲ್ಲಿಂದ ನಷ್ಟ ಬರುತ್ತಿದೆ ಅಂತ ಮೇಲಿನವರಿಗೇ ಸರಿಯಾಗಿ ಕಾಣದಷ್ಟು ಗುಂಪು ಬೆಳೆದಿತ್ತು. ಕೆಲಸ ಕಳೆದುಕೊಂಡವರು ಮಾತ್ರ ಕೆಳಗಿನವರು.

ಲೆಕ್ಕಿಗ

ಆ ಮಾತು ಒಪ್ಪುತ್ತೇನೆ. ಆದರೆ ಅದೇ ದೇಶದಲ್ಲಿ ಡಾಮೆನ್ ಹೇಗೆ ಉಳಿಯಿತು ನೋಡಿ. 1927ರಲ್ಲಿ ಯಾನ್ ಮತ್ತು ರೀನ್ ಡಾಮೆನ್ ಎಂಬ ಅಣ್ಣತಮ್ಮಂದಿರು ಹಾರ್ಡಿಂಕ್ಸ್‌ಫೆಲ್ಡ್‌ನಲ್ಲಿ ಶುರು ಮಾಡಿದ ಚಿಕ್ಕ ಯಾರ್ಡು. 1969ರಲ್ಲಿ ಕೊಮ್ಮರ್ ಡಾಮೆನ್ ಕೈಗೆ ಬಂತು. ಅವರು ಒಂದೇ ಮಾದರಿಯ ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ದೋಣಿ), ಚಿಕ್ಕ ಹಡಗುಗಳನ್ನು ಆರ್ಡರ್ ಬರುವ ಮುಂಚೆಯೇ ಕಟ್ಟಿ ಇಟ್ಟರು. ಗಿರಾಕಿ ಬಂದ ತಕ್ಷಣ ಬೇಕಾದ ಸಲಕರಣೆ ಹಾಕಿ ಕೊಟ್ಟರು. ಅಂದರೆ ರೆಡಿಮೇಡ್ ಅಂಗಡಿಯ ಹಾಗೆ, ಬಂದ ಮೇಲೆ ಅಳತೆ ತೆಗೆಯುತ್ತಾ ಕೂರಲಿಲ್ಲ. 1999ರಲ್ಲಿ ರೊಮೇನಿಯಾದ ಗಲಾಟ್ಸಿ ಯಾರ್ಡನ್ನು ತೆಗೆದುಕೊಂಡರು. ಮರುವರ್ಷ ಡೆ ಸ್ಖೆಲ್ಡೆಯನ್ನೇ ಕೊಂಡರು. ಆರ್‌ಎಸ್‌ವಿ ಎಂಬ ದೈತ್ಯನ ಒಂದು ಭಾಗ ಕೊನೆಗೆ ಆ ಚಿಕ್ಕ ಯಾರ್ಡಿನ ಪಾಲಾಯಿತು.

ಆಳಸಮುದ್ರ

ಡಾಮೆನ್ ಉದಾಹರಣೆ ಒಳ್ಳೆಯದೇ. ಆದರೆ ಸಬ್‌ಮರೀನ್ ಕಟ್ಟಿ ಇಟ್ಟು ಗಿರಾಕಿಗೆ ಕಾಯಲು ಆಗೋದಿಲ್ಲ ಸರ್. ಅದಕ್ಕೆ ಗಿರಾಕಿ ಒಬ್ಬನೇ, ಅದು ಸರ್ಕಾರ. ಈ ಚರ್ಚೆಯ ತಲೆಬರಹಕ್ಕೆ ಉತ್ತರ ಇಲ್ಲಿದೆ ಅಂತ ನನಗನಿಸುತ್ತದೆ.

ಡಚ್ಚರ ಸಬ್‌ಮರೀನ್ ಕೆಲಸ ಎಂಥದ್ದು ಅಂತ ಮೊದಲು ನೋಡಿ. ನೀರೊಳಗೇ ಇದ್ದು ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಕೊಳವೆ, ಅದೇ ಸ್ನಾರ್ಕೆಲ್. ಡಚ್ ನೌಕಾಪಡೆಯ ಅಧಿಕಾರಿ ವಿಖರ್ಸ್ ಅದರ ಹಿಂದೆ ಬಿದ್ದು ಕೆಲಸ ಮಾಡಿದರು. ವಿಲ್ಟನ್ ಫೈಯೆನೂರ್ಡ್ ಕಟ್ಟಿದ ಓ 19, ಓ 20ರಲ್ಲಿ ಅದನ್ನು ಮೊದಲು ಹಾಕಿದರು. 1940ರಲ್ಲಿ ಜರ್ಮನ್ನರಿಗೆ ಈ ಕೊಳವೆ ಸಿಕ್ಕಿತು. ಯುದ್ಧದ ಕೊನೆಯ ವರ್ಷಗಳಲ್ಲಿ ಅವರ ಯು ಬೋಟ್‌ಗಳು, ಅಂದರೆ ಜರ್ಮನ್ ಸಬ್‌ಮರೀನ್‌ಗಳು, ಅದನ್ನೇ ನಂಬಿಕೊಂಡವು.

ಗುನ್ನಿಂಗ್ ಎಂಬ ಎಂಜಿನಿಯರ್ ಇನ್ನೊಂದು ಯೋಚನೆ ಮಾಡಿದರು. ಒಂದು ದಪ್ಪ ಕೊಳವೆಯ ಬದಲು ಮೂರು ಸಣ್ಣ ಕೊಳವೆ. ಮೇಲಿನದರಲ್ಲಿ ಸಿಬ್ಬಂದಿ, ಆಯುಧ. ಕೆಳಗಿನ ಎರಡರಲ್ಲಿ ಎಂಜಿನ್ನು, ಬ್ಯಾಟರಿ. ಸುತ್ತಳತೆ ಕಡಿಮೆಯಾದರೆ ಅಷ್ಟೇ ದಪ್ಪದ ಉಕ್ಕು ಹೆಚ್ಚು ಆಳದ ಒತ್ತಡ ತಡೆಯುತ್ತದೆ. ಡಾಲ್ಫೈನ್ ದರ್ಜೆಯ ನಾಲ್ಕು ಹೀಗೆ ಬಂದವು, ಎರಡು ಆರ್‌ಡಿಎಂನಲ್ಲಿ, ಎರಡು ವಿಲ್ಟನ್‌ನಲ್ಲಿ. ಎಂಜಿನ್ ಕೋಣೆಯಲ್ಲಿ ಮೈ ತಿರುಗಿಸಲೂ ಜಾಗ ಇರಲಿಲ್ಲವಂತೆ, ಅದು ಬೇರೆ ಮಾತು.

1972ರಲ್ಲಿ ಸ್ವಾರ್ಡ್‌ಫಿಸ್ ಸೇವೆಗೆ ಬಂತು. ಆಮೇಲೆ ವಾಲ್ರಸ್ ದರ್ಜೆಯ ನಾಲ್ಕು. 1986ರ ಆಗಸ್ಟ್ 14ರಂದು ಯಾರ್ಡಿನಲ್ಲೇ ವಾಲ್ರಸ್‌ಗೆ ಬೆಂಕಿ ಬಿತ್ತು. ಒಳಗಿನ ಕೇಬಲ್ಲು, ಸಲಕರಣೆ ಸುಟ್ಟವು. ಹೊರಮೈ ಉಳಿಯಿತು. ಹಾಗಾಗಿ ಅದರ ತಂಗಿ ಝೇಲೇವ್ 1990ರಲ್ಲಿ ಮೊದಲು ಸೇವೆಗೆ ಬಂತು, ವಾಲ್ರಸ್ 1992ರಲ್ಲಿ. 1999ರ ಸಮರಾಭ್ಯಾಸದಲ್ಲಿ ಇದೇ ವಾಲ್ರಸ್ ಅಮೆರಿಕದ ವಿಮಾನವಾಹಕ ಹಡಗಿನ ಕಾವಲು ದಾಟಿ ಹೋಗಿ ಅದನ್ನು "ಮುಳುಗಿಸಿದ" ಲೆಕ್ಕ ಬರೆಸಿತು. ಕಾಗದದ ಮೇಲೆ ಮುಳುಗಿದ್ದೇ ಆದರೂ ಅಮೆರಿಕನ್ನರು ಗಮನಿಸಲೇಬೇಕಾಯಿತು.

1983ರಲ್ಲಿ ಆರ್‌ಎಸ್‌ವಿ ಬಿದ್ದಾಗ ಆರ್‌ಡಿಎಂನ ವ್ಯಾಪಾರಿ ಹಡಗಿನ ಕೆಲಸ ನಿಂತಿತು. ಸಬ್‌ಮರೀನ್ ಕೆಲಸ ಮಾತ್ರ ಮುಂದುವರಿಯಿತು. ನಾಲ್ಕನೆಯದು ಬ್ರೂನ್‌ಫಿಸ್, 1994ರಲ್ಲಿ ಸೇವೆಗೆ ಹೋಯಿತು. ಅಷ್ಟೇ. ಆಮೇಲೆ ನೌಕಾಪಡೆಯ ಆರ್ಡರ್ ಇಲ್ಲ. ಶೀತಲ ಸಮರ ಮುಗಿದಿತ್ತು, ದುಡ್ಡಿಗೆ ಕತ್ತರಿ ಬಿದ್ದಿತ್ತು. ಇನ್ನು ಹತ್ತಿಪ್ಪತ್ತು ವರ್ಷ ಬೇಡ ಅಂದರು. ಮೋರೇ ಎಂಬ ರಫ್ತಿನ ಮಾದರಿ ಡ್ರಾಯಿಂಗಿನಲ್ಲೇ ಉಳಿಯಿತು. 2000ದಲ್ಲಿ ಹಳೆಯ ಸ್ವಾರ್ಡ್‌ಫಿಸ್ ಮತ್ತು ಟೈಗರ್‌ಹಾಯ್ ಎರಡನ್ನೂ ಮಾರಲೆಂದು ಮಲೇಷ್ಯಾಗೆ ಹೊತ್ತುಕೊಂಡು ಹೋದರು. 2002ರಲ್ಲಿ ಮಲೇಷ್ಯಾ ಫ್ರೆಂಚ್ ಸ್ಕಾರ್ಪಿನ್ ಸಬ್‌ಮರೀನ್ ಕೊಂಡಿತು. ಆ ಎರಡು ಹಳೆಯವು ಅಲ್ಲೇ ಗುಜರಿಯಾದವು.

2004ರಲ್ಲಿ ಕೊನೆಯ ಪೆಟ್ಟು. ರಾಟರ್‌ಡ್ಯಾಮ್ ಬಂದರಿನ ಆಗಿನ ಮುಖ್ಯಸ್ಥರು ಆರ್‌ಡಿಎಂ ಗುಂಪಿನ ಸಾಲಗಳಿಗೆ ಪಾಲಿಕೆಗೆ ತಿಳಿಸದೆ ಜಾಮೀನು ಕೊಟ್ಟಿದ್ದು ಹೊರಬಿತ್ತು. ಅವರು ಕುರ್ಚಿ ಬಿಟ್ಟರು, ಗುಂಪು ಕುಸಿಯಿತು.

ಮಾಸ್‌ದಂಡೆ

ಆಳಸಮುದ್ರ ಅವರೇ, ನಾನು ಹೇಳಬೇಕೆಂದಿದ್ದನ್ನೇ ಹೇಳಿದಿರಿ. ಲೆಕ್ಕಿಗರ ಲೆಕ್ಕ ಆರ್‌ಎಸ್‌ವಿ ಯಾಕೆ ಬಿತ್ತು ಅನ್ನೋದಕ್ಕೆ ಸರಿಯಾದ ಉತ್ತರ. ಆದರೆ ಆರ್‌ಡಿಎಂನ ಸಬ್‌ಮರೀನ್ ವಿಭಾಗ ಆ ಬೀಳುವಿಕೆಯಿಂದ ಸಾಯಲಿಲ್ಲ, ಅದರ ನಂತರವೂ ಹತ್ತು ವರ್ಷ ಒಳ್ಳೆಯ ದೋಣಿಗಳನ್ನೇ ಕಟ್ಟಿತು. ಅದು ಸತ್ತಿದ್ದು ಎರಡು ಆರ್ಡರ್‌ಗಳ ನಡುವಿನ ಖಾಲಿಯಲ್ಲಿ. 1994ರಿಂದ 2024, ಮೂವತ್ತು ವರ್ಷ. ಅಷ್ಟರಲ್ಲಿ ವಾಲ್ರಸ್ ಬೆಸೆದವರು ನಿವೃತ್ತರಾದರು. ಅವರ ಪಕ್ಕ ನಿಂತು ಕಲಿಯಬೇಕಿದ್ದ ಹುಡುಗರು ಬೇರೆ ಕೆಲಸ ಹಿಡಿದರು. ಮತ್ತೆ ಬೇಕು ಅನ್ನುವಾಗ ಸ್ವೀಡನ್ನಿನ ಸಾಬ್ ಜೊತೆ ಡಾಮೆನ್ ಸೇರಿ ಟೆಂಡರ್ ಹಾಕಿತು, ಜರ್ಮನಿಯ ಟಿಕೆಎಂಎಸ್ ಎಂಬ ಹಡಗು ಕಂಪನಿಯೂ ಹಾಕಿತು. ಗೆದ್ದದ್ದು ಫ್ರಾನ್ಸ್.

ನಾಲ್ಕು ವರ್ಷಕ್ಕೊಂದು ಸಬ್‌ಮರೀನ್ ಕಟ್ಟಿಸಿದ್ದರೂ ಆ ಕೈಗಳು ಉಳಿಯುತ್ತಿದ್ದವು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಲೆಕ್ಕಿಗ

ಚಿಕ್ಕ ದೇಶಕ್ಕೆ ನಾಲ್ಕೇ ನಾಲ್ಕು ಬೇಕಿರುವಾಗ ನಾಲ್ಕು ವರ್ಷಕ್ಕೊಂದು ಕಟ್ಟಿ ಎಲ್ಲಿ ಇಡುತ್ತೀರಿ? ಹಳೆಯದನ್ನು ಬೇಗ ಮಾರಬೇಕು, ಕೊಳ್ಳುವವರು ಬೇಕು. ಸ್ವೀಡನ್ ಆ ದಾರಿಯಲ್ಲೇ ಬಹಳ ಒದ್ದಾಡಿದೆ. ಸುಮ್ನೆ ವಾದಕ್ಕೆ ಹೇಳುತ್ತಿಲ್ಲ. ಈ ಖರ್ಚು ಹಾಕಿಯೇ ಮಾತಾಡಬೇಕು.

ಆಳಸಮುದ್ರ

ಖರ್ಚು ಇದೆ, ಒಪ್ಪಿದೆ. ನಿಲ್ಲಿಸಿದ್ದಕ್ಕೂ ಖರ್ಚಿದೆ, ಅದು ಬಜೆಟ್ಟಿನಲ್ಲಿ ಕಾಣೋದಿಲ್ಲ ಅಷ್ಟೇ. ನಮ್ಮಲ್ಲೇ ನೋಡಿ. ಮುಂಬೈನ ಮಜಗಾಂವ್ ಡಾಕ್ ಜರ್ಮನ್ ವಿನ್ಯಾಸದ ಸಬ್‌ಮರೀನ್ ಶಾಲ್ಕಿಯನ್ನು 1992ರಲ್ಲಿ, ಶಂಕುಲ್ ಅನ್ನು 1994ರಲ್ಲಿ ಕಟ್ಟಿ ಕೊಟ್ಟಿತು. ಆಮೇಲೆ ಲೈನು ನಿಂತಿತು, ಕಲಿತವರು ಚದುರಿದರು. ಫ್ರೆಂಚರ ಸ್ಕಾರ್ಪಿನ್ ಹಿಡಿದು ಮತ್ತೆ ಮೊದಲಿನಿಂದ ಕಲಿತು ಕಲ್ವರಿ ನೌಕಾಪಡೆಗೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ.

ಬೆಸುಗೆಗಾರ_ಮಲ್ಪೆ

ಆಳಸಮುದ್ರ ಸರ್ ಹೇಳಿದ್ದು ನೂರಕ್ಕೆ ನೂರು.

ನಮ್ಮ ಮಲ್ಪೆಯ ಯಾರ್ಡು ಟೆಬ್ಮಾ ಹೆಸರಿನಲ್ಲಿದ್ದಾಗ ಕೆಲಸ ನಿಂತುಹೋಗಿತ್ತು. ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ತೆಗೆದುಕೊಂಡಿತು. ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ನಿನ ಸರಕು ಹಡಗುಗಳ ಆರ್ಡರ್ ಬಂತು. ಅವುಗಳ ವಿನ್ಯಾಸ ಯಾರದ್ದು ಗೊತ್ತಾ? ನೆದರ್‌ಲ್ಯಾಂಡ್ಸ್‌ನ ಕೊನೊಶಿಪ್ ಕಂಪನಿಯದ್ದು. ಡಚ್ಚರ ಡ್ರಾಯಿಂಗು, ಮಲ್ಪೆಯ ಬೆಸುಗೆ. ಯಾರ್ಡು ಮಲಗಿದ್ದ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಫಿಟ್ಟರ್, ವೆಲ್ಡರ್‌ಗಳು ಗಲ್ಫಿಗೆ ಹೋದರು. ಆರ್ಡರ್ ಮೇಲೆ ಆರ್ಡರ್ ಬರುತ್ತಿದ್ದರೆ ಮಾತ್ರ ಹೊಸ ಹುಡುಗರು ನಿಲ್ಲುತ್ತಾರೆ. ಹೈಪ್ಲಾಟ್ ಕಥೆ ಓದುವಾಗ ನನಗೆ ದೂರದ ಊರು ಅನ್ನಿಸಲೇ ಇಲ್ಲ.

ಹಳೇಪುಟ

ಕೊನೊಶಿಪ್ ವಿಷಯ ಗೊತ್ತಿರಲಿಲ್ಲ, ಬಹಳ ಖುಷಿಯಾಯಿತು ಅಣ್ಣ.

ಮಾಸ್‌ದಂಡೆಯವರೇ, ರಾಟರ್‌ಡ್ಯಾಮ್ ಹಡಗಿನ ಕಥೆ ಅರ್ಧಕ್ಕೆ ನಿಲ್ಲಿಸಿದಿರಿ. ಅದು ವಾಪಸ್ ಬಂದದ್ದೂ ದೊಡ್ಡ ಗಲಾಟೆಯೇ ಅಲ್ವಾ?

ಮಾಸ್‌ದಂಡೆ

ಹೌದು, ದೊಡ್ಡ ಗಲಾಟೆ. 1997ರಲ್ಲಿ ಹಾಲೆಂಡ್ ಅಮೆರಿಕ ಲೈನ್ ಬಿಟ್ಟ ಮೇಲೆ ರೆಂಬ್ರಾಂಟ್ ಹೆಸರಿನಲ್ಲಿ ಓಡಿತು. 2000ದಲ್ಲಿ ಆ ಕಂಪನಿ ದಿವಾಳಿಯಾಗಿ ಹಡಗು ಬಹಾಮಾಸ್‌ನಲ್ಲಿ ಸುಮ್ಮನೆ ನಿಂತಿತ್ತು. ಗುಜರಿಗೆ ಹೋಗಬೇಕಿದ್ದದ್ದು. ಊರಿನ ಜನ ಹಠ ಹಿಡಿದು ಹಿಂದೆ ತರಿಸಿಕೊಂಡರು. ಒಳಗೆ ಆಸ್ಬೆಸ್ಟಾಸ್ ತುಂಬಿತ್ತು. ಪೋಲೆಂಡ್, ಜರ್ಮನಿ ಸುತ್ತಿ ಅದನ್ನು ತೆಗೆಸಿ 2008ರ ಆಗಸ್ಟ್ 4ರಂದು ಮಾಸ್ ನದಿಗೆ ಬಂದಾಗ ಎರಡೂ ದಂಡೆ ತುಂಬ ಜನ. ಖರ್ಚು ಹೊತ್ತದ್ದು ಒಂದು ವಸತಿ ಸಂಸ್ಥೆ, ಅಂದರೆ ಬಡವರಿಗೆ ಬಾಡಿಗೆ ಮನೆ ಕೊಡುವಂಥದ್ದು. ಅಂದಾಜಿನ ಎಷ್ಟೋ ಪಟ್ಟು ಏರಿ 20 ಕೋಟಿ ಯೂರೋ ದಾಟಿತು. ಕೊನೆಗೆ ಹೋಟೆಲ್ ಕಂಪನಿಗೆ ಸುಮಾರು 3 ಕೋಟಿಗೆ ಮಾರಿದರು. ವಸತಿ ಸಂಸ್ಥೆಗಳ ಬಗ್ಗೆ ಸಂಸತ್ತು 2014ರಲ್ಲಿ ವಿಚಾರಣೆ ಮಾಡಿದಾಗ ಈ ಹಡಗೂ ಅದರಲ್ಲಿ ಬಂತು. ಅದನ್ನು ಕಟ್ಟಿದ ಕಂಪನಿಯ ಗುಂಪು 1984ರ ವಿಚಾರಣೆಯಲ್ಲಿ, ಹಡಗು 2014ರದ್ದರಲ್ಲಿ.

ಮನೆ ಬಾಡಿಗೆಯ ದುಡ್ಡನ್ನು ಹಡಗಿಗೆ ಹಾಕಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಹಾಗಿದ್ದೂ ಆ ಹಡಗು ಉಳಿದಿದೆ ಅನ್ನೋದು ನನಗೆ ಸಂತೋಷ. ಎರಡೂ ನಿಜವೇ.

ಹೊಸಬ_ತುಮಕೂರು

ಸರ್, ಮುಂದೆ ಓದಲು ಆ ಕಡೆ ಬರುವ ಆಸೆ ಇದೆ. ಬಂದರೆ ಇದನ್ನೆಲ್ಲ ನೋಡಬಹುದಾ? ಯಾರ್ಡ್ ಈಗ ಏನಾಗಿದೆ?

ಮಾಸ್‌ದಂಡೆ

ಬನ್ನಿ ತಮ್ಮಾ, ಖಂಡಿತ ನೋಡಬಹುದು. ಹೈಪ್ಲಾಟ್ ಯಾರ್ಡನ್ನು ಬಂದರು ಸಂಸ್ಥೆ ತೆಗೆದುಕೊಂಡಿತು. ದೊಡ್ಡ ಮಷಿನ್ ಹಾಲಿನಲ್ಲಿ ಈಗ ಹೊಸ ಕಂಪನಿಗಳು, ಪಕ್ಕದಲ್ಲೇ ತಾಂತ್ರಿಕ ಕಾಲೇಜು. ವಾಟರ್‌ಬಸ್ಸಿನಲ್ಲಿ ಹೋಗಬಹುದು. ರಾಟರ್‌ಡ್ಯಾಮ್ ಹಡಗು ಕಾಟೆನ್‌ಡ್ರೆಖ್ಟ್‌ನಲ್ಲಿ ನಿಂತಿದೆ, ಎಂಜಿನ್ ಕೋಣೆ ತನಕ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಆ ಮೆಟ್ಟಿಲು ತಪ್ಪಿಸಬೇಡಿ. ಮೂರು ಕೊಳವೆಯ ಸಬ್‌ಮರೀನ್ ನೋಡಬೇಕಾದರೆ ಡೆನ್ ಹೆಲ್ಡರ್ ಊರಿನ ನೌಕಾಪಡೆ ಮ್ಯೂಸಿಯಂಗೆ ಹೋಗಿ. ಅಲ್ಲಿ ಟೋನೈನ್ ಇದೆ. ಅದು ವಿಲ್ಟನ್ ಕಟ್ಟಿದ್ದು, ಆದರೆ ಆರ್‌ಡಿಎಂನ ಎರಡೂ ಅದೇ ಮಾದರಿಯವು. ಬೆಸುಗೆಗಾರ ಅಣ್ಣ ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಳಗಿನ ಜೋಡಣೆಗಳನ್ನು ನೋಡಿ.

ಬೆಸುಗೆಗಾರ_ಮಲ್ಪೆ

ಹೋದರೆ ಫೋಟೋ ಹಾಕಪ್ಪ. ಬೆಸುಗೆಯ ಹತ್ತಿರದಿಂದ ತೆಗಿ, ದೂರದಿಂದ ಬೇಡ.